ಟೇಬಲ್ ಫ್ಯಾನಿನ ವೈರ್ ಯಾರಿಗೆ ಕಂಡಿತು: ಡೊಂಬಿವಲಿಯಲ್ಲಿ ಒಂದು ಪತ್ತೇದಾರಿ ಕಾಮಿಡಿ

ಒಂದೇ ಸಿನಿಮಾ, ಒಂದೇ ಹಾಲ್, ಒಂದೇ ಭಾನುವಾರ. ಹೊರಗೆ ಬಂದ ಮೇಲೆ ಅರ್ಧ ಜನ "ಎಷ್ಟು ದಿನ ಆಗಿತ್ತು ಹೀಗೆ ನಕ್ಕು" ಅಂದರು. ಇನ್ನರ್ಧ ಜನ "ಯಾಕ್ರೀ ಇಂಥದ್ದನ್ನೆಲ್ಲ ತರಿಸ್ತೀರಿ" ಅಂದರು. ಸಿನಿಮಾ ಅಂದ ಮೇಲೆ ಇದು ಇದ್ದದ್ದೇ ಅಲ್ವಾ. ಆದರೆ ಈ ಸಲ ಒಂದು ವಿಚಿತ್ರ ಇತ್ತು. ಹೊಗಳಿದವರೂ ಬೈದವರೂ ತಮ್ಮ ಮಾತಿಗೆ ಸಾಕ್ಷಿ ಅಂತ ತೋರಿಸಿದ್ದು ಒಂದೇ ದೃಶ್ಯವನ್ನು, ಹೆಲಿಕಾಪ್ಟರ್ ದೃಶ್ಯವನ್ನು. "ಏನ್ ತಲೆ ಓಡಿಸಿದ್ದಾರೆ ನೋಡಿ" ಅಂತ ಒಬ್ಬರು. "ಹೆಲಿಕಾಪ್ಟರ್‌ಗೆ ದುಡ್ಡಿಲ್ಲ ಅಂದ್ರೆ ಆ ಸೀನನ್ನೇ ಬಿಡಬೇಕಿತ್ತು" ಅಂತ ಇನ್ನೊಬ್ಬರು.

ಒಂದೇ ದೃಶ್ಯ ಇಬ್ಬರಿಗೆ ಎರಡು ಥರ ಕಾಣಲು ಕಾರಣ ಏನು ಅಂತ ಹುಡುಕಿದ್ದೇ ಈ ಬರಹ. ರುಚಿ ಬೇರೆ ಬೇರೆ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಒಂದು ಮಾತಿನಿಂದಲೇ ಎಷ್ಟೋ ಸಣ್ಣ ಸಿನಿಮಾಗಳು ಸುಮ್ನೆ ಮುಳುಗಿಹೋಗುತ್ತವೆ, ಅದಕ್ಕೇ ನನಗೆ ಆ ಉತ್ತರ ಸಾಕಾಗಲಿಲ್ಲ.

ಮೊದಲು ಹಿನ್ನೆಲೆ. ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿರುವ ನಾವು ಕೆಲವು ಕನ್ನಡ ಮನೆಯವರು ಸೇರಿ ಆಗಾಗ ಒಂದು ಸಣ್ಣ ಹಾಲ್ ಬಾಡಿಗೆಗೆ ಹಿಡಿದು ಕನ್ನಡ ಸಿನಿಮಾ ತೋರಿಸುತ್ತೇವೆ. ದೊಡ್ಡ ಸ್ಟಾರ್‌ನ ಸಿನಿಮಾ ಆದರೆ ನಮ್ಮ ಅಗತ್ಯ ಇಲ್ಲ, ಮುಂಬೈ ಮಲ್ಟಿಪ್ಲೆಕ್ಸ್‌ಗಳಲ್ಲೇ ಹಾಕುತ್ತಾರೆ. ಹೊಸಬರ ಸಿನಿಮಾಕ್ಕೆ ಸಿಕ್ಕರೆ ಬೆಳಗಿನ ಒಂದು ಶೋ, ಅದೂ ನಮಗೆ ದೂರದ ಯಾವುದೋ ಮೂಲೆಯಲ್ಲಿ. ವಾರದಲ್ಲಿ ಆರು ದಿನ ಲೋಕಲ್ ರೈಲಿನಲ್ಲಿ ನೇತಾಡಿದವರು ಏಳನೆಯ ದಿನವೂ ಬೆಳಿಗ್ಗೆ ಎದ್ದು ಅಂಧೇರಿಗೆ ಹೋಗಿ ಅಂದರೆ ಯಾರು ಹೋಗುತ್ತಾರೆ? ಹಾಗಾಗಿ ನಾವೇ ನಿರ್ಮಾಪಕರಿಗೆ ಫೋನ್ ಮಾಡುತ್ತೇವೆ, ಅವರು ಕೇಳಿದ ಮೊತ್ತ ನಮ್ಮ ಕೈಗೆ ಎಟುಕಿದರೆ ಒಪ್ಪಿಗೆ ಪತ್ರ, ಸೆನ್ಸಾರ್ ಸರ್ಟಿಫಿಕೇಟ್ ಎಲ್ಲ ತರಿಸಿಕೊಂಡು ತೋರಿಸುತ್ತೇವೆ. ಬಂದವರು ಕೊಟ್ಟ ದುಡ್ಡಿನಲ್ಲೇ ಬಾಡಿಗೆ, ಚಹಾ, ಮುಂದಿನ ಸಿನಿಮಾದ ಮುಂಗಡ ಎಲ್ಲ ಹೊರಡಬೇಕು. ಒಂದು ಶೋ ಜನರಿಗೆ ಬೇಸರ ತಂದರೆ ಮುಂದಿನದಕ್ಕೆ ಅವರು ಬರುವುದಿಲ್ಲ, ಅಷ್ಟೇ ಲೆಕ್ಕ.

ಈ ಶೋ ಆದ ಮೇಲೆ ನಮ್ಮಲ್ಲೇ ಕೆಲವರು "ಇನ್ನು ಇಂಥ ಕಾಮಿಡಿ ಬೇಡ, ಕುಟುಂಬದ ಕಥೆ ತರಿಸಿ" ಅಂತ ಹಟ ಹಿಡಿದರು. ತೀರ್ಮಾನ ಆಗುವ ಮುಂಚೆ ಬಂದವರನ್ನೆಲ್ಲ ಒಮ್ಮೆ ಸರಿಯಾಗಿ ಮಾತಾಡಿಸೋಣ ಅಂತ ನಾನು ಕೇಳಿಕೊಂಡೆ. ಮನೆಗೆ ಹೋಗಿ, ಸ್ಟೇಷನ್ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಫೋನಿನಲ್ಲಿ, ಸಿಕ್ಕಲ್ಲೆಲ್ಲ ಮಾತಾಡಿಸಿದೆ. ಚೆನ್ನಾಗಿತ್ತಾ ಅಂತ ಮಾತ್ರ ಕೇಳಲಿಲ್ಲ. ಎಲ್ಲಿ ನಕ್ಕಿರಿ, ಎಲ್ಲಿ ಗಡಿಯಾರ ನೋಡಿದಿರಿ, ಹೆಲಿಕಾಪ್ಟರ್ ಬಂದಾಗ ಪರದೆಯ ಮೇಲೆ ಏನೇನು ಕಂಡಿತು ಅಂತ ಕೇಳಿದೆ.

ಸಿನಿಮಾದ ಹೆಸರು ಹಾಕುತ್ತಿಲ್ಲ. ಹೊಸ ಹುಡುಗರ ತಂಡ, ಮುಂದಿನ ಸಿನಿಮಾಕ್ಕೆ ದುಡ್ಡು ಹೊಂದಿಸುತ್ತಿದ್ದಾರೆ. ಇಲ್ಲಿ ಬರುವ ಕೆಟ್ಟ ಮಾತುಗಳು ಅವರ ಹೆಸರಿಗೆ ಅಂಟಿಕೊಳ್ಳುವುದು ನನಗೆ ಇಷ್ಟವಿಲ್ಲ.

ಕಥೆ ಇಷ್ಟು. ಸಣ್ಣ ಊರು. ಹಿಟ್ಟಿನ ಗಿರಣಿಯ ಮಾಳಿಗೆ ಮೇಲೆ ಒಬ್ಬ ಖಾಸಗಿ ಪತ್ತೇದಾರನ ಆಫೀಸು. ನೆತ್ತಿ ಸುಡುವ ಬಿಸಿಲಿನಲ್ಲೂ ಉದ್ದನೆಯ ಕೋಟು ತೆಗೆಯುವುದಿಲ್ಲ. ನಾಟಕ ಕಂಪನಿಯ ಹಾರ್ಮೋನಿಯಂ ಕಳುವಾಗಿದೆ, ಅದನ್ನು ಹುಡುಕಿಕೊಡಬೇಕು. ಅವನು ಕೇಸಿನ ಮುಖ್ಯ ಸುಳಿವು ಹೇಳಲು ಬಾಯಿ ತೆರೆದಾಗಲೆಲ್ಲ ಕೆಳಗೆ ಗಿರಣಿ ಶುರುವಾಗುತ್ತದೆ. ಅವನ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಸಹಾಯಕ ಮಾತ್ರ ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸುತ್ತಾನೆ. ವೇಷ ಮರೆಸಿಕೊಳ್ಳಲು ಕೆನ್ನೆಗೆ ಒಂದು ಮಚ್ಚೆ ಅಂಟಿಸಿಕೊಂಡು ಹೊರಟರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. "ಯಾರಪ್ಪಾ ನೀನು, ನನ್ನ ಮಗನ ಕೋಟು ಹಾಕ್ಕೊಂಡಿದ್ದೀಯಲ್ಲ" ಅಂತ ಆಕೆ ಕೇಳುತ್ತಾಳೆ. ಇಡೀ ಸಿನಿಮಾದಲ್ಲಿ ಒಬ್ಬರೂ ನಗುವುದಿಲ್ಲ. ಅದೇ ಅದರ ಗಟ್ಟಿತನ.

ಇನ್ನು ಆ ಹೆಲಿಕಾಪ್ಟರ್. ಹಾರ್ಮೋನಿಯಂ ಕದ್ದವನು ಊರಾಚೆಯ ಬಯಲಿನಿಂದ ಹೆಲಿಕಾಪ್ಟರಿನಲ್ಲಿ ಪರಾರಿಯಾಗುತ್ತಾನೆ. ಹೆಲಿಕಾಪ್ಟರ್ ಒಂದು ಕ್ಷಣವೂ ಕಾಣುವುದಿಲ್ಲ. ಟಪಟಪ ಸದ್ದು, ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದಾರೆ, ಕೂದಲು ಹಾರುತ್ತಿದೆ, ಒಬ್ಬರ ಹೆಗಲಿನ ಟವೆಲ್ ಹಾರಿಹೋಗುತ್ತದೆ. ಪರದೆಯ ಎಡಗಡೆ ಕೆಳಮೂಲೆಯಲ್ಲಿ ಹುಲ್ಲಿನ ನಡುವೆ ಒಂದು ಕಪ್ಪು ವೈರ್. ಪತ್ತೇದಾರ ಉದ್ದದ ಒಂದು ಡೈಲಾಗ್ ಹೊಡೆದು ಓಡುತ್ತಾನೆ, ಕಾಲಿಗೆ ಏನೋ ಸಿಕ್ಕಿ ಮುಗ್ಗರಿಸುತ್ತಾನೆ. ತಕ್ಷಣ ಸದ್ದು ಬಂದ್. ಗಾಳಿ ಬಂದ್. ಹಾರುತ್ತಿದ್ದ ಕೂದಲು ಹಣೆ ಮೇಲೆ ಬೀಳುತ್ತದೆ. ಎಲ್ಲರೂ ನಿಧಾನವಾಗಿ ಕತ್ತು ಇಳಿಸುತ್ತಾರೆ. ಪತ್ತೇದಾರ ಕೋಟಿನ ಧೂಳು ಕೊಡವಿಕೊಂಡು ಗಂಭೀರವಾಗಿ "ತಪ್ಪಿಸಿಕೊಂಡ" ಅನ್ನುತ್ತಾನೆ.

ಅಂದರೆ ಅವನು ಎಡವಿದ್ದು ಟೇಬಲ್ ಫ್ಯಾನಿನ ವೈರಿಗೆ. ಪ್ಲಗ್ ಕಿತ್ತುಬಂತು, ಹೆಲಿಕಾಪ್ಟರೇ ನಿಂತುಹೋಯಿತು. ವೈರ್ ಕಂಡವರಿಗೆ ಇಡೀ ಸಿನಿಮಾದ ಅತ್ಯುತ್ತಮ ಜೋಕ್ ಇದು. ಕಾಣದವರಿಗೆ? ನಟ ಎಡವಿದ ಶಾಟನ್ನು ತೆಗೆಯದೆ ಹಾಗೇ ಬಿಟ್ಟಿದ್ದಾರೆ, ಮಧ್ಯೆ ಸೌಂಡ್ ಕಟ್ ಆಗಿದೆ, ಹೆಲಿಕಾಪ್ಟರಿಗೆ ದುಡ್ಡಿಲ್ಲ. ಇಷ್ಟೇ.

ನಾನು ಮಾತಾಡಿಸಿದವರಲ್ಲಿ ಸಿನಿಮಾ ಇಷ್ಟಪಟ್ಟವರಲ್ಲಿ ಹೆಚ್ಚಿನವರು ವೈರ್ ನೋಡಿದ್ದರು. ಬೈದವರಲ್ಲಿ ಹೆಚ್ಚಿನವರಿಗೆ ವೈರ್ ಇತ್ತು ಅನ್ನುವುದೇ ಗೊತ್ತಿರಲಿಲ್ಲ. "ಯಾವ ವೈರು ಮಾರಾಯ್ರೆ?" ಅಂತ ಕುಂದಾಪುರ ಕಡೆಯ ಹೋಟೆಲ್ ಮಾಲೀಕರೊಬ್ಬರು ನನ್ನನ್ನೇ ಕೇಳಿದರು. ಮೊಬೈಲಿನಲ್ಲಿ ಆ ದೃಶ್ಯ ನಿಲ್ಲಿಸಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹೋ, ಇದು ಬೇಕೂಂತಲೇ ಮಾಡಿದ್ದಾ" ಅಂದವರು ಆಮೇಲೆ ಗಲ್ಲಾದಲ್ಲಿ ಕೂತೇ ಎರಡು ಸಲ ಅದನ್ನು ಹಾಕಿಸಿ ನಕ್ಕರು. ಅವರಿಗೆ ಹಾಸ್ಯ ತಿಳಿಯುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಭಾನುವಾರ ಅವರಿಗೆ ಅದು ಕಾಣಲಿಲ್ಲ. ಯಾಕೆ ಕಾಣಲಿಲ್ಲ ಅನ್ನುವುದೇ ಪ್ರಶ್ನೆ.

ಮೊದಲ ಕಾರಣ ನಮ್ಮ ಕಡೆಯದು: ಸಬ್‌ಟೈಟಲ್. ಮುಂಬೈನಲ್ಲೇ ಹುಟ್ಟಿ ಬೆಳೆದ ಮಕ್ಕಳು ಬರುತ್ತಾರೆ, ಮರಾಠಿ ಮನೆಯಿಂದ ಬಂದ ಸೊಸೆಯಂದಿರು ಬರುತ್ತಾರೆ. ಮನೆಯಲ್ಲಿ ತುಳುವೋ ಕನ್ನಡವೋ ಆಡಿದರೂ ಪರದೆಯ ಮೇಲಿನ ವೇಗದ ಮಾತು ಹಿಡಿಯುವುದು ಅವರಿಗೆ ಕಷ್ಟ. ಹಾಗಾಗಿ ಇಂಗ್ಲಿಷ್ ಸಬ್‌ಟೈಟಲ್ ಹಾಕುತ್ತೇವೆ. ಪತ್ತೇದಾರನ ಉದ್ದನೆಯ ಡೈಲಾಗು ಎರಡು ಸಾಲು ತುಂಬಿ ಪರದೆಯ ಕೆಳಗೆ ಸರಿಯಾಗಿ ಆ ವೈರಿನ ಮೇಲೇ ಕೂತಿತ್ತು. ಕನ್ನಡ ಚೆನ್ನಾಗಿ ಬರುವವರ ಕಣ್ಣೂ ಅಕ್ಷರ ಕಂಡಲ್ಲಿಗೆ ಹೋಗುತ್ತದೆ, ಬೇಡ ಅಂದರೂ ಓದುತ್ತದೆ.

ಸಬ್‌ಟೈಟಲ್ ಇನ್ನೊಂದು ಕಡೆಯೂ ಏಟು ಕೊಟ್ಟಿತ್ತು. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ಸಾಲು, ಸಾಲಿಗೆ ಸುಮಾರು 42 ಅಕ್ಷರ, ಹೆಚ್ಚೆಂದರೆ 7 ಸೆಕೆಂಡ್ ಅಂತ ಒಂದು ರೂಢಿ ಇದೆ. ಗಂಭೀರ ಸಿನಿಮಾಕ್ಕೆ ಇದು ಸಾಕು. ಕಾಮಿಡಿಯಲ್ಲಿ ಮಾತಿನ ಮೊದಲ ಅರ್ಧ ಮತ್ತು ನಗು ಬರುವ ಕೊನೆಯ ಅರ್ಧ ಎರಡೂ ಒಟ್ಟಿಗೆ ಪರದೆ ಮೇಲೆ ಬಿದ್ದರೆ ಕಥೆ ಮುಗಿಯಿತು. ತಾಯಿ "ಯಾರಪ್ಪಾ ನೀನು" ಅಂತ ಹೇಳಿ, ಮೇಲೆ ಕೆಳಗೆ ನೋಡಿ, ಕೋಟಿನ ಅಂಚು ಮುಟ್ಟಿ, ಆಮೇಲೆ "ನನ್ನ ಮಗನ ಕೋಟು" ಅನ್ನುತ್ತಾಳೆ. ಆಕೆ ಕೋಟು ಮುಟ್ಟುವ ಮೊದಲೇ ಹಿಂದಿನ ಸಾಲಿನ ಹುಡುಗರು ಓದಿ ನಕ್ಕಿದ್ದರು. ಆ ನಗುವಿನಲ್ಲಿ ಮುಂದೆ ಕೂತ ಹಿರಿಯರಿಗೆ ಡೈಲಾಗೇ ಕೇಳಲಿಲ್ಲ. ಹಿರಿಯರು ತಿರುಗಿ ನೋಡಿದ್ದು ನನಗೆ ನೆನಪಿದೆ. ಹುಡುಗರು ಅವರಲ್ಲೇ ಏನೋ ತಮಾಷೆ ಮಾಡಿಕೊಂಡು ನಗುತ್ತಿದ್ದಾರೆ ಅಂತ ಅಂದುಕೊಂಡಿದ್ದರು.

ಎರಡನೆಯ ಕಾರಣ ಸಿನಿಮಾದ್ದೇ. ಇದನ್ನು ನನಗೆ ಬಿಡಿಸಿ ಹೇಳಿದವರು ಧಾರವಾಡ ಕಡೆಯ ಒಬ್ಬ ಕಾಕಾ. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಸಿನಿಮಾ ಅಂದರೆ ಪ್ರಾಣ. ಅವರು ಸಿಟ್ಟಿನಲ್ಲೇ ಇದ್ದರು.

"ನೋಡ್ರಿ, ಹೆಲಿಕಾಪ್ಟರ್ ಸೀನಿಗಿಂತ ಮೊದ್ಲ ಬಾವಿಕಟ್ಟಿ ಸೀನ್ ಐತಲ್ಲ, ಅಲ್ಲಿ ಅವನ ತುಟಿ ಒಂದ್ ಕಡೆ, ಮಾತು ಒಂದ್ ಕಡೆ. ರಾತ್ರಿ ಸೀನಿನ್ಯಾಗ ಯಾರ್ ಯಾರನ್ನ ಹಿಡದ್ರು ಅಂತನೂ ಕಾಣಂಗಿಲ್ಲ. ಅದೂ ಜೋಕೇನು? ಅದು ಜೋಕಲ್ಲ ಅಂದಮ್ಯಾಲೆ ಇದು ಜೋಕು ಅಂತ ನಾ ಹೆಂಗ್ ತಿಳ್ಕೋಬೇಕು?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಅವರು ಹೇಳಿದ್ದು ಪೂರ್ತಿ ಸರಿ. ಬಾವಿಕಟ್ಟೆ ದೃಶ್ಯದ ಡಬ್ಬಿಂಗ್ ನಿಜವಾಗಿಯೂ ಕೆಟ್ಟಿದೆ. ರಾತ್ರಿ ದೃಶ್ಯಕ್ಕೆ ಸಾಕಷ್ಟು ಲೈಟ್ ಇಲ್ಲ. ಒಂದು ಕಡೆ ಹಿನ್ನೆಲೆಯ ಸದ್ದು ತಟಕ್ಕನೆ ನಿಂತು ಮತ್ತೆ ಶುರುವಾಗುತ್ತದೆ. ಇವು ಯಾವುವೂ ಬೇಕಂತ ಮಾಡಿದವಲ್ಲ. ಕಡಿಮೆ ದುಡ್ಡಿನಲ್ಲಿ ಅಣಕು ಸಿನಿಮಾ ಮಾಡುವವರಿಗೆ ಇರುವ ದೊಡ್ಡ ಅಪಾಯ ಇದೇ ಅಂತ ನನಗೆ ಈಗ ಖಾತ್ರಿಯಾಗಿದೆ. ಹಳೆಯ ಪತ್ತೇದಾರಿ ಸಿನಿಮಾದ ಕಳಪೆಯನ್ನು ಬೇಕಂತಲೇ ಆಡಿ ತೋರಿಸಬೇಕು ಅಂದರೆ ಉಳಿದ ಕೆಲಸವೆಲ್ಲ ಅಚ್ಚುಕಟ್ಟಾಗಿರಬೇಕು. ಮೊದಲ ಇಪ್ಪತ್ತು ನಿಮಿಷದಲ್ಲಿ ಒಂದು ನಿಜವಾದ ತಪ್ಪು ಕಂಡುಬಿಟ್ಟರೆ ಆಮೇಲೆ ಬರುವ ಹತ್ತು ಬೇಕಂತಲೇ ಮಾಡಿದ ತಪ್ಪುಗಳೂ ಅದರ ಜೊತೆ ಸೇರಿಹೋಗುತ್ತವೆ. ಸದ್ದು ನಿಂತದ್ದು ಜೋಕೋ ಎಡವಟ್ಟೋ ಅಂತ ನೋಡುವವನು ಪ್ರತಿ ಸಲ ಯೋಚಿಸಬೇಕಾದರೆ ಅವನಿಗೆ ನಗು ಎಲ್ಲಿಂದ ಬರಬೇಕು?

ಇದೇ ತಂಡ ಆ ಸೌಂಡ್‌ಗೆ ಇನ್ನೂ ಸ್ವಲ್ಪ ದುಡ್ಡು ಹಾಕಿದ್ದರೆ ಎಷ್ಟು ಚೆನ್ನಾಗಿತ್ತು. ದ್ವಿತೀಯಾರ್ಧದಲ್ಲಿ ಒಂದು ಹಾಡು ಇದೆ, ಯಾರಿಗೂ ಬೇಕಿರಲಿಲ್ಲ, ನಾನು ಮಾತಾಡಿಸಿದವರಲ್ಲಿ ಒಬ್ಬರೂ ಅದನ್ನು ನೆನಪಿಸಿಕೊಳ್ಳಲಿಲ್ಲ. ಆ ಹಾಡಿನ ಖರ್ಚು ಡಬ್ಬಿಂಗ್ ಥಿಯೇಟರಿಗೆ ಹೋಗಬೇಕಿತ್ತು.

ಮೂರನೆಯದು ನನಗೆ ತುಂಬ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ. ಅಣಕು ಸಿನಿಮಾ ಅಂದರೆ ಯಾವುದನ್ನೋ ಅಣಕಿಸುತ್ತಿದೆ. ಆ ಯಾವುದು ನೋಡುವವರ ತಲೆಯಲ್ಲಿ ಮೊದಲೇ ಇರಬೇಕು. ಈ ತಂಡದವರ ಮನಸ್ಸಿನಲ್ಲಿದ್ದದ್ದು ಹಳೆಯ ಕನ್ನಡ ಸಿನಿಮಾ ಅನ್ನುವುದು ಸ್ಪಷ್ಟ. 1968ರಲ್ಲಿ ದೊರೆ-ಭಗವಾನ್ ಜೋಡಿ ರಾಜಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿ 'ಜೇಡರ ಬಲೆ' ತೆಗೆದರು, ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಬಾಂಡ್ ಸಿನಿಮಾಗಳ ಗತ್ತನ್ನು ನಮ್ಮ ಕನ್ನಡದ ಬಜೆಟ್ಟಿನಲ್ಲಿ ತಂದ ಸಿನಿಮಾಗಳು, ಜನ ಪ್ರೀತಿಯಿಂದಲೇ ನೋಡಿದರು. ಆ ಕಾಲದ ಸಿನಿಮಾಗಳಲ್ಲಿ ಒಂದು ಮಚ್ಚೆ, ಒಂದು ಗಡ್ಡ ಅಂಟಿಸಿದರೆ ನಾಯಕ ಯಾರಿಗೂ ಗುರುತು ಸಿಗದ ಹಾಗಾಗುತ್ತಿದ್ದ. ನಾವು ಅದನ್ನು ಒಪ್ಪಿಕೊಂಡೇ ನೋಡುತ್ತಿದ್ದೆವು. ಹಾಗಾಗಿ ಮಚ್ಚೆ ದೃಶ್ಯಕ್ಕೆ ಹಿರಿಯರ ಸಾಲು ಬಿದ್ದು ಬಿದ್ದು ನಕ್ಕಿತು. ಧಾರವಾಡದ ಕಾಕಾ ಕೂಡ ಅಲ್ಲಿ ನಕ್ಕಿದ್ದರು. ಆ ಹೊತ್ತಿಗೆ ಅವರ ನಂಬಿಕೆ ಇನ್ನೂ ಹಾಳಾಗಿರಲಿಲ್ಲ.

ಮುಂಬೈನಲ್ಲೇ ಬೆಳೆದ ಹುಡುಗ ಹುಡುಗಿಯರು 999 ನೋಡಿಯೇ ಇಲ್ಲ. ಅವರಿಗೆ ಏನೂ ಅರ್ಥ ಆಗಿರಲಿಕ್ಕಿಲ್ಲ ಅಂತ ಅಂದುಕೊಂಡರೆ ಅದು ಸುಳ್ಳು. ಕಾಲೇಜು ಓದುವ ಒಬ್ಬಳು ಹುಡುಗಿ ನನಗೆ ಹೇಳಿದ್ದು ಕೇಳಿ: "ಆಂಟಿ, ಆ ಬಾಗಿಲು ಒಡೆಯೋ ಸೀನ್ ಪೂರಾ ಸಿಐಡಿ ಅಲ್ವಾ, ನಾನು ಅಲ್ಲೇ ಸತ್ತೆ." ಆ ದೃಶ್ಯದಲ್ಲಿ ಸಹಾಯಕ ದೂರದಿಂದ ಓಡಿಬಂದು ಬಾಗಿಲಿಗೆ ಭುಜ ಕೊಡುತ್ತಾನೆ, ಮತ್ತೆ ಕೊಡುತ್ತಾನೆ, ಭುಜ ಹಿಡಿದುಕೊಂಡು ಕೂರುತ್ತಾನೆ, ಒಳಗಿದ್ದ ಮುದುಕ ಬಾಗಿಲನ್ನು ಹೊರಗಡೆಗೆ ತೆಗೆದು "ಯಾರು ಬೇಕಿತ್ತು?" ಅನ್ನುತ್ತಾನೆ. 1998ರಲ್ಲಿ ಸೋನಿ ಟಿವಿಯಲ್ಲಿ ಶುರುವಾಗಿ ಇಪ್ಪತ್ತು ವರ್ಷ ಓಡಿದ ಆ 'ಸಿಐಡಿ' ಹಿಂದಿ ಸೀರಿಯಲ್ಲು, ಶಿವಾಜಿ ಸಾಟಂ ಅವರ ಎಸಿಪಿ ಪ್ರದ್ಯುಮ್ನ ಕೈ ತಿರುಗಿಸುವುದು, ದಯಾ ಬಾಗಿಲು ಒಡೆಯುವುದು, ಇವೆಲ್ಲ ಈ ಮಕ್ಕಳ ಬಾಲ್ಯದ ಊಟದ ಹೊತ್ತು. ಅದಕ್ಕೂ ಹಿಂದಿನ ನನ್ನ ವಯಸ್ಸಿನವರಿಗೆ 1985ರ ದೂರದರ್ಶನದ ಕರಮ್‌ಚಂದ್ ನೆನಪಾದ. ಪಂಕಜ್ ಕಪೂರ್ ಕ್ಯಾರೆಟ್ ಕಚ್ಚಿಕೊಂಡು ಕೇಸು ಬಿಡಿಸುತ್ತಿದ್ದರಲ್ಲ. ನಮ್ಮ ಸಿನಿಮಾದ ಪತ್ತೇದಾರ ಯೋಚನೆ ಮಾಡುವಾಗಲೆಲ್ಲ ಕಡಲೆಕಾಯಿ ಸುಲಿಯುತ್ತಾನೆ, ತಿನ್ನುವುದು ಮಾತ್ರ ಸಹಾಯಕ.

ಅಂದರೆ ಒಂದೇ ಹಾಲಿನಲ್ಲಿ ಮೂರು ತಲೆಮಾರು ಕೂತು ಮೂರು ಬೇರೆ ಬೇರೆ ಪತ್ತೇದಾರರನ್ನು ನೆನೆಸಿಕೊಂಡು ನಗುತ್ತಿತ್ತು, ಬೇರೆ ಬೇರೆ ಹೊತ್ತಿಗೆ. ಒಬ್ಬರು ನಗುವಾಗ ಪಕ್ಕದವರು "ಇದರಲ್ಲಿ ನಗೋದೇನಿದೆ" ಅಂತ ನೋಡುತ್ತಿದ್ದರು. ಊರಿನ ಥಿಯೇಟರಿನಲ್ಲಿ ನಗು ಇಷ್ಟೊಂದು ಹರಿದು ಹಂಚಿಹೋಗುತ್ತಿರಲಿಲ್ಲ ಅಂತ ನನ್ನ ಅಂದಾಜು. ಇದು ಸಿನಿಮಾದ ತಪ್ಪೂ ಅಲ್ಲ, ನೋಡುವವರ ತಪ್ಪೂ ಅಲ್ಲ.

ಇನ್ನೊಂದು ಗುಂಪು 'ಬೆಲ್ ಬಾಟಂ' ಥರ ಇರುತ್ತೆ ಅಂತ ಬಂದಿತ್ತು. 2019ರ ಸಿನಿಮಾ, ಜಯತೀರ್ಥ ನಿರ್ದೇಶನ, ರಿಷಬ್ ಶೆಟ್ಟಿ ಡಿಟೆಕ್ಟಿವ್ ದಿವಾಕರ. ಕರಾವಳಿಯವರು ಜಾಸ್ತಿ ಇರುವ ನಮ್ಮ ಕಡೆ ಅದಕ್ಕೆ ಬೇರೆಯೇ ಪ್ರೀತಿ. ಅದರಲ್ಲೂ ನಗು ಇದೆ, ಹಳೆಯ ಕಾಲದ ಬಟ್ಟೆ ಬಣ್ಣ ಇದೆ, ಆದರೆ ಕಳ್ಳತನದ ಕೇಸು ನಿಜವಾಗಿಯೂ ಮುಖ್ಯ. ಯಾರು ಮಾಡಿದ್ದು ಅಂತ ನಮಗೂ ತಿಳಿಯಬೇಕು. ನಾವು ತೋರಿಸಿದ ಸಿನಿಮಾದಲ್ಲಿ ಹಾರ್ಮೋನಿಯಂ ಯಾರು ಕದ್ದರೂ ಏನೂ ಆಗಬೇಕಾಗಿಲ್ಲ. ಕೇಸಿಗಾಗಿ ಬಂದವರಿಗೆ ಕೊನೆಯಲ್ಲಿ "ಇಷ್ಟೇನಾ" ಅನ್ನಿಸಿದ್ದು ಸಹಜ. ನಮ್ಮ ಪೋಸ್ಟರಿನಲ್ಲಿ 'ಪತ್ತೇದಾರಿ ಕಾಮಿಡಿ' ಅಂತ ಇತ್ತು, ಆ ಎರಡು ಪದದಲ್ಲಿ ಅವರು ಮೊದಲನೆಯದನ್ನು ನಂಬಿ ಬಂದಿದ್ದರು.

ಫೋನಿನಲ್ಲಿ ನೋಡಿದವರ ಮಾತನ್ನೂ ಸೇರಿಸಿಕೊಳ್ಳಬೇಕು. ಆಮೇಲೆ ಸಿನಿಮಾ ಒಟಿಟಿಗೆ ಬಂತು, ಭಾನುವಾರ ಬರಲಾಗದ ಕೆಲವರು ಲೋಕಲ್‌ನಲ್ಲಿ ಹೋಗುತ್ತಾ ಅರ್ಧ, ಬರುತ್ತಾ ಅರ್ಧ ನೋಡಿದರು. ಅವರ ತೀರ್ಪು ಎಲ್ಲರಿಗಿಂತ ಕಠಿಣ. ಹೇಗೆ ಆಗದೆ ಇರುತ್ತದೆ? ರೈಲು ಥಾಣೆ ದಾಟುವ ಹೊತ್ತಿಗೆ ಕೈ ಎತ್ತಿ ಫೋನ್ ಹಿಡಿಯಲೂ ಜಾಗ ಇರುವುದಿಲ್ಲ, ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುವುದೇ ಜಾಸ್ತಿ. ಈ ಸಿನಿಮಾದ ಅರ್ಧ ಜೋಕುಗಳು ಕೇಳುವುದಲ್ಲ, ನೋಡುವುದು. ಮೂಲೆಯಲ್ಲಿ ವೈರ್, ಹಿಂದೆ ಗೋಡೆ ಮೇಲಿನ ಬೋರ್ಡು ಪ್ರತಿ ಶಾಟಿಗೂ ಬದಲಾಗುವುದು, ಪತ್ತೇದಾರನ ಹಿಂದೆ ಕಳ್ಳ ಹಾರ್ಮೋನಿಯಂ ಹೊತ್ತುಕೊಂಡು ನಿಧಾನವಾಗಿ ದಾಟಿಹೋಗುವುದು. ಅವರು ಯಾರಿಗೂ ಆ ಕಳ್ಳ ಕಂಡಿರಲಿಲ್ಲ.

ಇದು ಹೊಸದೇನಲ್ಲ. ಅಮೆರಿಕದಲ್ಲಿ 1982ರಲ್ಲಿ 'ಪೊಲೀಸ್ ಸ್ಕ್ವಾಡ್' ಅನ್ನುವ ಒಂದು ಪತ್ತೇದಾರಿ ಅಣಕು ಸೀರಿಯಲ್ ಬಂತು, ಗಂಭೀರ ಪಾತ್ರ ಮಾಡಿಕೊಂಡಿದ್ದ ಲೆಸ್ಲಿ ನೀಲ್ಸನ್ ಅದರ ಪೊಲೀಸ್. ಬರೀ 6 ಕಂತಿಗೆ ನಿಲ್ಲಿಸಿಬಿಟ್ಟರು. ಮನೆಯಲ್ಲಿ ಟಿವಿ ಹಚ್ಚಿಟ್ಟು ಅಡುಗೆ ಮಾಡುವವರಿಗೆ, ಪೇಪರ್ ಓದುವವರಿಗೆ ಅಲ್ಲ ಅದು. ಕಣ್ಣು ಕೀಳದೆ ನೋಡಬೇಕು. ಅದೇ ಪಾತ್ರ, ಅದೇ ನಟನನ್ನು ಇಟ್ಟುಕೊಂಡು 1988ರಲ್ಲಿ 'ದಿ ನೇಕೆಡ್ ಗನ್' ಸಿನಿಮಾ ಮಾಡಿದಾಗ ಭರ್ಜರಿಯಾಗಿ ಓಡಿತು, ಮುಂದೆ ಇನ್ನೂ ಎರಡು ಭಾಗ ಬಂದವು. ಕತ್ತಲೆ ಹಾಲಿನಲ್ಲಿ ಬೇರೆ ಕೆಲಸ ಇರುವುದಿಲ್ಲವಲ್ಲ. ಫೋನಿನಲ್ಲಿ ನೋಡಿ ಬೈದವರ ಬಗ್ಗೆ ನನಗೆ ಸಿಟ್ಟಿಲ್ಲ, ಆದರೆ ಅವರ ಅಭಿಪ್ರಾಯವನ್ನೂ ಹಾಲಿನಲ್ಲಿ ನೋಡಿದವರ ಅಭಿಪ್ರಾಯವನ್ನೂ ಒಂದೇ ಗಂಟಿನಲ್ಲಿ ಕಟ್ಟಿ "ಜನಕ್ಕೆ ಹಿಡಿಸಲಿಲ್ಲ" ಅನ್ನುವುದು ಈ ಹುಡುಗರಿಗೆ ಮಾಡುವ ಅನ್ಯಾಯ.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮವರ ಮುಂದೆ ಒಂದು ಮಾತಿಟ್ಟೆ. ಇದೇ ಸಿನಿಮಾ ಇನ್ನೊಂದು ಸಲ ತೋರಿಸೋಣ, ನಮ್ಮ ಕೈಯಲ್ಲಿರುವುದನ್ನು ಸರಿ ಮಾಡಿ. ನಿರ್ಮಾಪಕರು ಎರಡನೆಯ ಸಲಕ್ಕೆ ದುಡ್ಡು ಬೇಡ ಅಂದರು, ಸಬ್‌ಟೈಟಲ್ ಬದಲಾಯಿಸಲು ಖುಷಿಯಿಂದ ಒಪ್ಪಿದರು. ನಮ್ಮಲ್ಲಿ ಐಟಿ ಕಂಪನಿಯಲ್ಲಿರುವ ಒಬ್ಬ ಹುಡುಗ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೂತ. ಸಬ್‌ಟೈಟಲ್ ಫೈಲ್ ಅಂದರೆ ಅದೇನು ಮಹಾ ವಿದ್ಯೆ ಅಲ್ಲ, ಗಂಟೆ, ನಿಮಿಷ, ಸೆಕೆಂಡು, ಸೆಕೆಂಡಿನ ಸಾವಿರದಲ್ಲೊಂದು ಭಾಗ, ಕೆಳಗೆ ಮಾತು, ಅಷ್ಟೇ. ಎಲ್ಲೆಲ್ಲಿ ನಗುವಿನ ಮಾತು ಕೊನೆಯಲ್ಲಿ ಬರುತ್ತದೋ ಅಲ್ಲೆಲ್ಲ ಒಂದು ಸಾಲನ್ನು ಎರಡು ತುಂಡು ಮಾಡಿದ. ಹೆಲಿಕಾಪ್ಟರ್ ದೃಶ್ಯದಲ್ಲಿ ಮಾತನ್ನು ಪರದೆಯ ಮೇಲ್ಭಾಗಕ್ಕೆ ತಂದ. ಸಾಲಿನ ಮುಂದೆ ಒಂದು ಚಿಕ್ಕ ಗುರುತು ಸೇರಿಸಿದರೆ ಅದು ಮೇಲಕ್ಕೆ ಹೋಗುತ್ತದೆ. ತಾಯಿಯ ದೃಶ್ಯಕ್ಕೆ ಅವನೂ ನಾನೂ ಎಷ್ಟೋ ಹೊತ್ತು ಕೂತೆವು. ಆಕೆಯ ಬೆರಳು ಕೋಟಿನ ಅಂಚಿಗೆ ತಾಗಿದ ಮೇಲೆ, ಬಾಯಿ ತೆರೆಯುವಾಗ ಸರಿಯಾಗಿ ಎರಡನೆಯ ಸಾಲು ಬರಬೇಕು. ಅರ್ಧ ಸೆಕೆಂಡ್ ಮೊದಲು ಬಂದರೂ ಮಜಾ ಹೋಗುತ್ತಿತ್ತು.

ಪೋಸ್ಟರಿನಲ್ಲಿ 'ಹಳೆಯ ಪತ್ತೇದಾರಿ ಸಿನಿಮಾಗಳ ಅಣಕು' ಅಂತ ಬರೆದೆವು. ಶುರುವಿಗೆ ಮುಂಚೆ ಸೌಂಡ್ ಬಗ್ಗೆ ಒಂದು ಮಾತು ಹೇಳಬೇಕೋ ಬೇಡವೋ ಅಂತ ನಮ್ಮಲ್ಲಿ ಜಗಳವೇ ಆಯಿತು. ಮೊದಲೇ ಕ್ಷಮೆ ಕೇಳಿದ ಹಾಗಾಗುತ್ತದೆ ಅಂತ ಕೆಲವರು. ಹೇಳಿದೆವು. ಬಾವಿಕಟ್ಟೆ ದೃಶ್ಯದಲ್ಲಿ ಡಬ್ಬಿಂಗ್ ತೊಂದರೆ ಇದೆ, ಅದು ಸಿನಿಮಾ ತಂಡಕ್ಕೂ ಗೊತ್ತು, ಉಳಿದದ್ದರಲ್ಲಿ ಹೆಚ್ಚಿನದು ಬೇಕಂತಲೇ ಮಾಡಿದ್ದು, ಪರದೆಯ ಮೂಲೆಗಳನ್ನೂ ನೋಡುತ್ತಿರಿ ಅಂತ. ವೈರಿನ ವಿಷಯ ಬಾಯಿ ಬಿಡಲಿಲ್ಲ.

ಎರಡನೆಯ ಸಲ ಬಂದವರಲ್ಲಿ ಹಳಬರೂ ಇದ್ದರು, ಹೊಸಬರೂ ಇದ್ದರು. ಹಳಬರಿಗೆ ನಾನೇ ಫೋನಿನಲ್ಲಿ ವೈರ್ ತೋರಿಸಿದ್ದೆ, ಹಾಗಾಗಿ ಅವರ ನಗುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಸಬರನ್ನೇ ಗಮನವಿಟ್ಟು ನೋಡುತ್ತಿದ್ದೆ. ಪತ್ತೇದಾರ ಎಡವಿದ, ಸದ್ದು ನಿಂತಿತು. ಒಂದು ಕ್ಷಣ ಹಾಲಿನಲ್ಲಿ ಏನೂ ಇಲ್ಲ. ಆಮೇಲೆ ಬಲಗಡೆಯಿಂದ ಒಬ್ಬ ಹುಡುಗ "ಅರೇ ಫ್ಯಾನ್, ಫ್ಯಾನ್!" ಅಂದ, ಅಲ್ಲಿಂದ ನಗು ಹರಡಿ "ತಪ್ಪಿಸಿಕೊಂಡ" ಅನ್ನುವ ಮಾತು ಯಾರಿಗೂ ಕೇಳಿಸಲೇ ಇಲ್ಲ. ಆ ಹುಡುಗ ಕೂಗದೇ ಇದ್ದಿದ್ದರೆ ಎಷ್ಟು ಜನಕ್ಕೆ ಹೊಳೆಯುತ್ತಿತ್ತು ಅಂತ ಕೇಳಿದರೆ ಹೇಳಲಾರೆ, ಆದರೆ ಹಾಲಿನಲ್ಲಿ ನೋಡುವುದರ ಲಾಭವೇ ಅದು. ಒಬ್ಬರಿಗೆ ಕಂಡರೆ ಎಲ್ಲರಿಗೂ ಕಂಡ ಹಾಗೆ.

ಎಲ್ಲವೂ ಸರಿಹೋಯಿತು ಅಂತಲ್ಲ. ದ್ವಿತೀಯಾರ್ಧ ಎರಡನೆಯ ಸಲವೂ ಎಳೆಯಿತು. ಗಿರಣಿ ಜೋಕನ್ನು ಅವರು ನಾಲ್ಕನೆಯ ಸಲ ತಂದಾಗ ಹೊಸಬರೂ ಮೊಬೈಲ್ ತೆಗೆದರು. ನಾಟಕ ಕಂಪನಿಯ ನಟಿಯ ಪಾತ್ರಕ್ಕೆ ಏನೂ ಕೆಲಸವೇ ಇಲ್ಲ. ಆಕೆ ಒಳ್ಳೆಯ ನಟಿ, ಒಂದೇ ಒಂದು ದೃಶ್ಯದಲ್ಲಿ ಪತ್ತೇದಾರನ ಭೂತಗನ್ನಡಿಯನ್ನು ತಿರುಗಿಸಿ ಹಿಡಿದು ಅವನನ್ನೇ ನೋಡುತ್ತಾಳೆ, ಅಷ್ಟರಲ್ಲೇ ಗೊತ್ತಾಗುತ್ತದೆ. ಇನ್ನೂ ಎರಡು ದೃಶ್ಯ ಕೊಟ್ಟಿದ್ದರೆ ಸಿನಿಮಾದ ತೂಕವೇ ಬೇರೆ ಇರುತ್ತಿತ್ತು. ಇದನ್ನು ಬಹಳ ಹೆಂಗಸರು ಹೇಳಿದರು, ಗಂಡಸರಲ್ಲಿ ಒಬ್ಬರೂ ಹೇಳಲಿಲ್ಲ. ನಿರ್ದೇಶಕರಿಗೆ ಕಳಿಸಿದ ಪತ್ರದಲ್ಲಿ ನಾನು ಇದನ್ನೇ ಮೊದಲು ಬರೆದೆ.

ಧಾರವಾಡದ ಕಾಕಾ ಎರಡನೆಯ ಸಲವೂ ಬಂದಿದ್ದರು, ಮೊದಲ ಸಾಲಿನಲ್ಲೇ ಕೂತಿದ್ದರು. ವೈರಿಗೆ ನಕ್ಕರು. ಹೊರಗೆ ಬಂದು ಚಹಾ ಕುಡಿಯುತ್ತಾ, "ಜೋಕ್ ಚಲೋ ಐತಿ, ಒಪ್ಪಿದೆ. ಆದ್ರ ಸೌಂಡ್ ಸರಿ ಮಾಡಂಗಿಲ್ಲ ಅಂದ್ರ ಮುಂದಿನ ಸಿನಿಮಾಕ್ಕೂ ಹಿಂಗಾ ಬೈತೀನಿ ಅಂತ ಆ ಹುಡುಗರಿಗೆ ಹೇಳ್ರಿ" ಅಂದರು. ಹೇಳಿದೆ. ಕುಟುಂಬದ ಕಥೆ ಬೇಕು ಅಂದವರು ಈಗಲೂ ಅದನ್ನೇ ಕೇಳುತ್ತಿದ್ದಾರೆ, ಒಂದು ತರಿಸುತ್ತೇವೆ. ಅದರ ನಂತರದ್ದು ಮತ್ತೆ ಹೊಸಬರ ಕಾಮಿಡಿ ಅಂತ ಮಾತಾಗಿದೆ. ಸಬ್‌ಟೈಟಲ್ ಫೈಲು ಒಂದು ವಾರ ಮುಂಚೆ ನಮ್ಮ ಕೈಗೆ ಬರಬೇಕು ಅಂತ ಈ ಸಲ ಒಪ್ಪಿಗೆ ಪತ್ರದಲ್ಲೇ ಬರೆಸಿಕೊಂಡಿದ್ದೇವೆ.